ಒಂಬತ್ತರಿಂದ ಹನ್ನೆರಡು

12 ಜನವರಿ 2025, ಭಾನುವಾರ

ಮದುವೆಯಾಗಿ ಇವತ್ತಿಗೆ ಮೂರು ವಾರ! ನನಗಂತೂ ಸಮಿತ್ ಹುಟ್ಟಿದಾಗಿನಿಂದ ನನ್ನವನೇ ಅನ್ನಿಸುತ್ತದೆ. ಹಲ್ಲುಜ್ಜುವಾಗ ಚಂದ, ಸಾಕ್ಸ್ ಹುಡುಕುವಾಗ ಇನ್ನೂ ಚಂದ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಾಚಿಕೆಯಿಲ್ಲದೆ ಬರೆಯುತ್ತೇನೆ.

ಈ ಡೈರಿ ಕೊಟ್ಟದ್ದು ಮಾವ. "ದಿನಕ್ಕೆ ಅರ್ಧ ಪುಟ ಬರಿ ದಿಶಾ, ಕನ್ನಡ ತನ್ನಷ್ಟಕ್ಕೆ ಕೈಗೆ ಹತ್ತುತ್ತದೆ" ಎಂದರು. ನಾನು ಓದಿದ್ದೆಲ್ಲ ನೆರೂಳಿನ ಕಾನ್ವೆಂಟಿನಲ್ಲಿ, ಇಂಗ್ಲಿಷಿನಲ್ಲಿ. ಅಪ್ಪ ಶನಿವಾರದ ಕನ್ನಡ ತರಗತಿಗೆ ಎಳೆದುಕೊಂಡು ಹೋಗದಿದ್ದರೆ ಇಷ್ಟೂ ಬರುತ್ತಿರಲಿಲ್ಲ. ಆಗ ಅಳುತ್ತಿದ್ದೆ. ಈಗ ಮಾವನಂಥ ಲೇಖಕರ ಮನೆಗೆ ಸೊಸೆಯಾಗಿ ಬಂದಿದ್ದೇನೆ! ತಾರಾನಾಥ ಎಂದರೆ ಡೊಂಬಿವಲಿಯಿಂದ ನೆರೂಳಿನ ತನಕ ಎಲ್ಲ ಕನ್ನಡ ಸಂಘಗಳಿಗೂ ಗೊತ್ತು.

ಮನೆ ಥಾಣೆಯ ವರ್ತಕ ನಗರದ ಹಳೆಯ ಕಟ್ಟಡದಲ್ಲಿ, ಮೂರನೆಯ ಮಾಳಿಗೆ, ಲಿಫ್ಟ್ ಇಲ್ಲ. ಏಪ್ರಿಲ್‌ನಲ್ಲಿ ಇದನ್ನು ಕೆಡವಿ ಬಿಲ್ಡರ್ ಹೊಸದು ಕಟ್ಟುತ್ತಾನಂತೆ. ಅಲ್ಲಿಯವರೆಗೆ ಮೆಟ್ಟಿಲು ಹತ್ತುವುದೂ ರೊಮ್ಯಾಂಟಿಕ್ಕೇ.

ಈ ಮನೆಗೆ ಒಂದು ವಿಚಿತ್ರ ನಿಯಮವಿದೆ. ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಟಾಯ್ಲೆಟ್ಟಿಗೆ ಹೋಗುವಂತಿಲ್ಲ, ಫ್ಲಶ್ ಎಳೆಯುವಂತಿಲ್ಲ. ಎಂಟೂವರೆಗೆ ಅತ್ತೆ, "ಎಲ್ಲ ಮುಗಿಸಿಕೊಳ್ಳಿ" ಎಂದು ಮನೆಯಿಡೀ ಕೂಗಿ, ಒಂಬತ್ತಕ್ಕೆ ಸರಿಯಾಗಿ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಹಾಕಿ ಒಂದು ಟವೆಲ್ ತೂಗುಹಾಕುತ್ತಾರೆ. ನೀರಿಲ್ಲವೇ ಎಂದು ನೋಡಿದರೆ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿದೆ. ಉಡುಪಿ ಕಡೆಯ ಯಾವುದೋ ವ್ರತ ಇರಬೇಕೆಂದು ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ನಕ್ಕು ನಕ್ಕು, "ಅಂಥ ವ್ರತ ನಾನಂತೂ ಕೇಳ್ಲಿಲ್ಲ ಮಾರಾಯ್ತಿ. ಅವರ ಮನೆ ಕ್ರಮ ಇರ್ಬಹುದು. ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ಕೂತ್ಕೋ" ಎಂದಳು.

ಎರಡು ಲೋಟ ಚಹಾ ಕುಡಿದಿದ್ದೆ! ಹತ್ತೂವರೆಗೆ ತಡೆಯಲಾರದೆ ಪಕ್ಕದ ಮನೆಗೆ ಓಡಲು ಚಪ್ಪಲಿ ಮೆಟ್ಟಿದೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತು, "ಅಲ್ಲಿದ್ದೂ ಅದೇ ಪೈಪಿಗೆ ಹೋಗುದು" ಎಂದರು. ಅವರು ನಗುತ್ತಿರಲಿಲ್ಲ. ಸಮಿತ್ ನನ್ನನ್ನು ಕಾರಿನಲ್ಲಿ ಮಾಲ್‌ಗೆ ಕರೆದುಕೊಂಡು ಹೋದ. ಹನಿಮೂನಿನ ನಂತರದ ನಮ್ಮ ಮೊದಲ ಡೇಟ್!

16 ಜನವರಿ, ಗುರುವಾರ

ಐರೋಲಿಯ ಆಫೀಸಿಗೆ ವಾರಕ್ಕೆ ಎರಡೇ ದಿನ ಹೋದರೆ ಸಾಕು. ಉಳಿದ ದಿನ ಮನೆಯಿಂದಲೇ ಕೆಲಸ. ಆದ್ದರಿಂದ ಇನ್ನೊಂದು ಕೆಲಸವೂ ಸಿಕ್ಕಿತು: ಮಾವನ ಹೊಸ ಪುಸ್ತಕವನ್ನು ಟೈಪ್ ಮಾಡುವುದು! ಫೆಬ್ರವರಿ 23ಕ್ಕೆ ಡೊಂಬಿವಲಿಯಲ್ಲಿ ಬಿಡುಗಡೆ. ಕಥೆಗಳು ಸಮಾಜವನ್ನು ಹೇಗೆ ಪ್ರಶ್ನಿಸುತ್ತವೆ, ಮನುಷ್ಯನ ಹಕ್ಕು ಎನ್ನುವ ಮಾತು ಕಾನೂನಿಗೆ ಬರುವ ಮೊದಲು ಕಥೆಯಲ್ಲಿ ಹೇಗೆ ಬಂತು ಎನ್ನುವ ಬಗ್ಗೆ ಹದಿನಾಲ್ಕು ಲೇಖನಗಳು. ಕಾಲೇಜಿನಲ್ಲಿ ಇವನ್ನೆಲ್ಲ ಇಂಗ್ಲಿಷಿನಲ್ಲಿ ಓದಿ ಆಕಳಿಸಿದ್ದೆ. ಮಾವ ಬರೆದರೆ ನಿಲ್ಲಿಸಿ ಇನ್ನೊಮ್ಮೆ ಓದುತ್ತೇನೆ.

ಅವರು ಬರೆಯುವ ರೀತಿಯೂ ಮುದ್ದು. ಹೊಸ ಕಾಗದ ಮುಟ್ಟುವುದಿಲ್ಲ. ಇಪ್ಪತ್ತು ವರ್ಷ ಈ ಕಟ್ಟಡದ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಆಗಿದ್ದವರು, ಹಳೆಯ ನೋಟಿಸುಗಳ ಗಂಟೇ ಇದೆ. ಅವುಗಳ ಹಿಂಬದಿಯಲ್ಲಿ ಬರೆಯುತ್ತಾರೆ. "ಬೆನ್ನು ಖಾಲಿ ಇರುವ ಕಾಗದ ಬಿಸಾಡಬಾರದು" ಅನ್ನುತ್ತಾರೆ. ಒಂದು ಬದಿಯಲ್ಲಿ ಮನುಷ್ಯನ ಘನತೆ, ತಿರುಗಿಸಿದರೆ 'ಗ್ಯಾಲರಿಯಲ್ಲಿ ಬಟ್ಟೆ ಒಣಗಿಸಬೇಡಿ'! ನಾನು ಎರಡನ್ನೂ ಓದುತ್ತೇನೆ.

26 ಜನವರಿ, ಭಾನುವಾರ

ಎಂಟಕ್ಕೆ ಕೆಳಗೆ ಧ್ವಜಾರೋಹಣ. ಮಾವ ಬಿಳಿ ಜುಬ್ಬಾದಲ್ಲಿ ಸಂವಿಧಾನದ ಪ್ರಸ್ತಾವನೆ ಓದಿದರು, ಮೊದಲು ಮರಾಠಿಯಲ್ಲಿ, ಆಮೇಲೆ ನಮ್ಮ ಐದು ಕನ್ನಡ ಮನೆಗಳಿಗಾಗಿ ಕನ್ನಡದಲ್ಲಿ. ನನಗೆ ಎಷ್ಟು ಹೆಮ್ಮೆ! ಆಮೇಲೆ ಜಿಲೇಬಿ ಹಂಚುವ ಕೆಲಸ ನನಗೇ.

ಗೇಟಿನ ಹೊರಗೆ ಒಬ್ಬಳು ನಿಂತಿದ್ದಳು. ಮೂವತ್ತೈದರ ಒಳಗಿನ ವಯಸ್ಸು, ಹೆಗಲಿಗೊಂದು ಚೀಲ, ಮೊಣಕೈಯವರೆಗೆ ಹಿಟ್ಟು. ವಾಚ್‌ಮನ್ ಹೋಗು ಹೋಗು ಅನ್ನುತ್ತಿದ್ದ. ನಾನು ಜಿಲೇಬಿ ಹಿಡಿದುಕೊಂಡು ಹೋದೆ.

"ಸೆಕ್ರೆಟ್ರಿ ಮನ್ಯಾವ್ರೇನ್ರಿ ನೀವು?" ಎಂದಳು.

"ಸೊಸೆ!" ಎಂದೆ. ಆ ಪದ ಹೇಳಲು ನನಗೆ ಇನ್ನೂ ಪುಳಕ.

"ನನ್ನ ಹೆಸರು ಪೂನಂ ರೀ. ಕೈಲಾಸನ ಹೆಂಡ್ತಿ. ನಿಮ್ಮ ಮಾವಗ ಗೊತ್ತದ. ಬಿಲ್ಡಿಂಗ್ ಕೆಡವ್ತಾರಂತಲ್ಲ, ಅದಕ್ಕೂ ಮೊದಲ ಒಂದು ಕಾಗದ ಬೇಕಾಗಿತ್ರಿ. ಅವ್ರನ್ನ ಇವ್ರೇ ಕರಸಿದ್ರು ಅಂತ. ಮುಂದಿನ ತಿಂಗಳ ಇಪ್ಪತ್ತನೇ ತಾರೀಕು ವಿಚಾರಣಿ ಅದ. ಅದ ಕಡೀದು."

ಯಾವ ಕೈಲಾಸ, ಯಾರು ಕರೆಸಿದ್ದು ಎಂದು ಕೇಳುವಷ್ಟರಲ್ಲಿ ಅತ್ತೆ ಮೂರನೆಯ ಮಾಳಿಗೆಯಿಂದ ನನ್ನ ಹೆಸರು ಕೂಗಿದರು. ಒಂಬತ್ತಾಗುತ್ತಿತ್ತು. ಅವಳು ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟಳು. ಜಿಲೇಬಿ ತೆಗೆದುಕೊಳ್ಳಲಿಲ್ಲ.

ಊಟಕ್ಕೆ ಕೂತಾಗ ಮಾವನನ್ನು ಕೇಳಿದೆ. "ಪಾಪದ ಹೆಂಗಸು. ಹಳೆಯ ವಿಷಯ" ಎಂದರು. ಸಮಿತ್ ಮೇಜಿನ ಕೆಳಗೆ ನನ್ನ ಕಾಲು ಒತ್ತಿದ. ಪ್ರೀತಿಯಿಂದ ಅಂದುಕೊಂಡೆ.

1 ಫೆಬ್ರವರಿ, ಶನಿವಾರ

ಪುಟ ನಲವತ್ತೊಂದು. ಮಾವ ಬರೆದದ್ದು ಹೀಗಿದೆ: "ಒಬ್ಬ ಸತ್ತರೆ ಕಥೆ ಮೊದಲು ಕೇಳುವುದು, ಇವನ ಹೆಸರೇನು ಎಂದು. ಸಮಾಜ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹೆಸರು ಕೇಳಿದರೆ ಅವನು ಮನುಷ್ಯನಾಗಿಬಿಡುತ್ತಾನೆ, ಆಮೇಲೆ ನಾವು ಉತ್ತರ ಕೊಡಬೇಕಾಗುತ್ತದೆ." ಎಷ್ಟು ಚೆನ್ನಾಗಿದೆ ಎಂದು ಎರಡು ಸಲ ಓದಿದೆ. ಆಮೇಲೆ ಅಭ್ಯಾಸದಂತೆ ಹಾಳೆ ತಿರುಗಿಸಿದೆ.

ಮಾವ ಎಲ್ಲವನ್ನೂ ಮೊದಲು ಕನ್ನಡದಲ್ಲೇ ಗೀಚುವವರು, ನೋಟಿಸನ್ನು ಕೂಡ. ಅಲ್ಲಿ ಅವರದೇ ನೀಲಿ ಅಕ್ಷರದಲ್ಲಿ ಹೀಗಿತ್ತು:

"ಎಲ್ಲ ಸದಸ್ಯರ ಗಮನಕ್ಕೆ. ನಾಳೆ ಭಾನುವಾರ, ದಿ. 11-3-2018ರಂದು ಬೆಳಿಗ್ಗೆ 9ರಿಂದ 12ರವರೆಗೆ ಪಾರ್ಕಿಂಗ್ ಕೆಳಗಿನ ಸೆಪ್ಟಿಕ್ ಟ್ಯಾಂಕ್ ಸ್ವಚ್ಛಗೊಳಿಸಲು ಮನುಷ್ಯ ಇಳಿಯುತ್ತಾನೆ. ಆ ವೇಳೆ ಯಾರೂ ಫ್ಲಶ್ ಬಳಸಬಾರದು. ಸಹಕರಿಸಿ. ಕಾರ್ಯದರ್ಶಿ."

'ಮನುಷ್ಯ' ಎನ್ನುವುದನ್ನು ಹೊಡೆದು ಮೇಲೆ 'ಕೆಲಸದವನು' ಎಂದು ತಿದ್ದಿದ್ದರು. ಅದರ ಕೆಳಗೆ ಮರಾಠಿಯಲ್ಲಿ ಅದೇ ನೋಟಿಸು.

ಒಂಬತ್ತರಿಂದ ಹನ್ನೆರಡು. ನಾನು ಇದನ್ನು ವ್ರತ ಎಂದು ಅಮ್ಮನಿಗೆ ಹೇಳಿ ನಕ್ಕಿದ್ದೆ.

ಪುಟ ನಲವತ್ತೆರಡನ್ನು ಟೈಪ್ ಮಾಡಲಿಲ್ಲ.

2 ಫೆಬ್ರವರಿ, ಭಾನುವಾರ

ಇವತ್ತು ಅತ್ತೆ ಕೂಗುವ ಮೊದಲೇ ನಾನು ಟವೆಲ್ ತೂಗುಹಾಕಿದೆ. ಅವರು ನನ್ನ ಮುಖ ನೋಡಿದರು. ಮಾವ, ಸಮಿತ್ ಬಿಲ್ಡರನ ಮೀಟಿಂಗಿಗೆ ಹೋಗಿದ್ದರು. ನಾವಿಬ್ಬರೇ ಅಡುಗೆಮನೆಯಲ್ಲಿ ಕೂತೆವು. ಅತ್ತೆ ಅವರೆಕಾಳು ಸುಲಿಯುತ್ತಿದ್ದರು.

"ನಿಂಗೆ ಗೊತ್ತಾಯ್ತಾ?" ಎಂದರು.

"ಸ್ವಲ್ಪ."

"ಆ ದಿನ ಸಮಿತ್‌ಗೆ ಹೊಟ್ಟೆ ಕೆಟ್ಟಿತ್ತು. ಎಂಟಕ್ಕೇ ಅವನು ಹೋಗಿ ಬಂದ. ಹತ್ತು ಗಂಟೆ ಹೊತ್ತಿಗೆ ವಾಸನೆ ಅಂತ ನಾನು ತೊಳೀಲಿಕ್ಕೆ ಹೋದೆ. ತೊಳೆದು, ಕೈ ತನ್ನಷ್ಟಕ್ಕೆ ಹೋಯ್ತು ದಿಶಾ. ಫ್ಲಶ್ ಎಳೆದೆ. ನೀರು ಇಳಿಯುವ ಶಬ್ದ ಕೇಳಿದ ಮೇಲೆ ನೆನಪಾದ್ದು, ಕೆಳಗೆ ಜನ ಉಂಟು ಅಂತ."

ನಾನು ಏನೋ ಹೇಳಹೊರಟೆ.

"ಅವನು ಗ್ಯಾಸಿನಿಂದ ಸತ್ತದ್ದು ಅಂತ ಡಾಕ್ಟ್ರು ಬರೆದಿದ್ದಾರೆ. ನಾನು ಎಳೆಯುವ ಮೊದಲೇ ಸತ್ತಿದ್ದ ಅಂತ ಇವರು ಹೇಳ್ತಾರೆ. ಇರ್ಬಹುದು. ನಂಗೆ ಗ್ಯಾಸು ಗೊತ್ತಿಲ್ಲ. ನಾನು ಎಳೆದದ್ದು ಗೊತ್ತುಂಟು."

ಒಂದು ಕಾಳು ಸುಲಿದರು, ಇನ್ನೊಂದು ಸುಲಿದರು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿದೆ, ಹನ್ನೆರಡು ಹೊಡೆಯುವವರೆಗೆ. ಮೇಲಿನ ಮನೆಯಲ್ಲಿ ಯಾರೋ ಫ್ಲಶ್ ಎಳೆದರು. ಗೋಡೆಯೊಳಗಿನ ಪೈಪಿನಲ್ಲಿ ನೀರು ನಮ್ಮನ್ನು ದಾಟಿ ಕೆಳಗೆ ಹೋಯಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ನಾನೂ.

4 ಫೆಬ್ರವರಿ, ಮಂಗಳವಾರ

ಟ್ಯಾಂಕಿನ ಮುಚ್ಚಳ ನಮ್ಮ ಕಾರಿನ ಕೆಳಗೇ ಇದೆ. ಮದುವೆಯ ದಿನ ಹೂವು ಕಟ್ಟಿದ ಅದೇ ಕಾರು. ಮೊದಲು ಅಲ್ಲಿ ವಾಸನೆ ಇತ್ತೋ ಇಲ್ಲವೋ ಗೊತ್ತಿಲ್ಲ. ಈಗ ಇದೆ. ಸಮಿತ್, ಏನೂ ಇಲ್ಲ ಅನ್ನುತ್ತಾನೆ. ಸ್ಟೇಷನ್ನಿಗೆ ಹೋಗುವಾಗ ನಾನು ಗೋಡೆಯ ಬದಿಯಿಂದ ಸುತ್ತಿಕೊಂಡು ಹೋಗುತ್ತೇನೆ.

ಸಂಜೆ ಅವನನ್ನು ಕೇಳಿಯೇ ಬಿಟ್ಟೆ.

"ದಿಶೂ, ಪ್ಲೀಸ್ ಯಾರ್. ಏಪ್ರಿಲ್‌ನಲ್ಲಿ ಬಿಲ್ಡಿಂಗ್ ಬೀಳ್ತದೆ. ಅದರೊಟ್ಟಿಗೆ ಇದೂ ಹೋಗ್ತದೆ, ಖತಂ."

"ಪೊಲೀಸರಿಗೆ ಏನು ಹೇಳಿದ್ರು?"

"ಪಪ್ಪ ಬರೆದುಕೊಟ್ಟರು. ಅವನು ಯಾರು ಗೊತ್ತಿಲ್ಲ, ಕಬ್ಬಿಣದ ಮುಚ್ಚಳ ಕದೀಲಿಕ್ಕೆ ಬಂದಿದ್ದ, ಜಾರಿ ಬಿದ್ದ ಅಂತ. ಇಡೀ ಕಮಿಟಿ ಸೈನ್ ಹಾಕ್ತು. ಮನುಷ್ಯರನ್ನು ಟ್ಯಾಂಕಿಗೆ ಇಳಿಸುವುದು ಕ್ರೈಮ್ ಅಲ್ವಾ? ಎಲ್ಲರೂ ಒಳಗೆ ಹೋಗ್ತಿದ್ರು."

"ನೀನು ಅವನನ್ನು ನೋಡಿದ್ದೆಯಾ?"

ಅವನು ಎದ್ದು ಬಾಲ್ಕನಿಯ ಬಾಗಿಲು ಹಾಕಿ ಬಂದ. "ಬಾಲ್ಕನಿಯಿಂದ. ಇಳಿಯುವ ಮೊದಲು ಚಪ್ಪಲಿ ಬಿಟ್ಟು ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ದೇವಸ್ಥಾನದ ಹೊರಗೆ ಇಡ್ತೇವಲ್ಲ, ಹಾಗೆ. ಮೂರು ದಿನ ಅದು ಅಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ."

ಕದಿಯಲು ಬಂದವನು ಚಪ್ಪಲಿ ಜೋಡಿಸಿಡುತ್ತಾನೆಯೇ ಎಂದು ನಾನು ಕೇಳಲಿಲ್ಲ. ಅವನು ಆ ಪ್ರಶ್ನೆಯನ್ನು ಏಳು ವರ್ಷದಿಂದ ಕೇಳಿಕೊಂಡಿದ್ದಾನೆ ಎಂದು ಮುಖದಲ್ಲೇ ಕಾಣುತ್ತಿತ್ತು.

8 ಫೆಬ್ರವರಿ, ಶನಿವಾರ

ಚೀಟಿಯ ನಂಬರಿಗೆ ಫೋನ್ ಮಾಡಿ ವಿಳಾಸ ಕೇಳಿಕೊಂಡು, ಮನೆಯಲ್ಲಿ ಶಾಪಿಂಗ್ ಎಂದು ಹೇಳಿ ಡೊಂಬಿವಲಿಗೆ ಹೋದೆ. ಸ್ಟೇಷನ್ನಿನ ಪೂರ್ವಕ್ಕೆ ಒಂದು ಪೋಳಿ ಭಾಜಿ, ಅಂದರೆ ಚಪಾತಿ ಪಲ್ಯದ ಅಂಗಡಿ. ಹಿಂದಿನ ಕೋಣೆಯಲ್ಲಿ ಏಳು ಹೆಂಗಸರು ಸಾಲಾಗಿ ಕೂತು ಚಪಾತಿ ಲಟ್ಟಿಸುತ್ತಾರೆ. ಪೂನಂ ಮೂರನೆಯವಳು. ನನ್ನೊಡನೆ ಮಾತಾಡುತ್ತಲೇ ಲಟ್ಟಿಸಿದಳು. ನಿಲ್ಲಿಸಿದರೆ ಪಕ್ಕದವಳ ಕೆಲಸ ನಿಲ್ಲುತ್ತದೆ.

"ಪರಿಹಾರ ಬಂದ್ರ ಬರಲಿ, ಬಿಟ್ರ ಬಿಡಲಿ. ನನ್ನ ಗಂಡನ್ನ ಕಳ್ಳ ಅಂತ ಬರದಾರಲ್ರಿ, ಅದನ್ನ ಅಳಿಸ್ಬೇಕು. ಮಗಳು ಎಂಟನೇ ಇಯತ್ತೆ ಸಾಲಿ ಕಲೀತಾಳ. ಯಾರೋ ಮೊಬೈಲ್‌ನಾಗ ಹಳೇ ಸುದ್ದಿ ತೋರ್ಸಿ, ನಿಮ್ಮಪ್ಪ ಗಟಾರದ ಢಕ್ಕಣ ಕದಿಯಾಂವ ಅಂದಾರ. ಮನೀಗೆ ಬಂದು, ಹೌದೇನವ್ವಾ ಅಂತ ಕೇಳ್ತಾಳ."

"ಅವರು ಹೇಗಿದ್ದರು?" ಎಂದೆ. ಯಾಕೆ ಕೇಳಿದೆನೋ.

ಅವಳ ಪಕ್ಕದವಳು ನಕ್ಕಳು. "ಅಕೀಗೆ ಕೇಳಬ್ಯಾಡ್ರಿ, ಶುರು ಆದ್ಳಂದ್ರ ಎಂಟು ದಿನ ಬೇಕು."

"ಭಾಳ ಮಾತು ರೀ ಆ ಮನಷಾಗ," ಪೂನಂ ಕೂಡ ನಕ್ಕಳು. "ಕನ್ನಡದವ್ರ ಕೆಲಸ ಅಂದ್ರ ಖುಷಿ. ಇಲ್ಲಿ ಎಲ್ಲಾರೂ ಏ ಅಂತಾರ, ನಮ್ಮವ್ರಾದ್ರೂ ಹೆಸರು ಹಿಡದು ಕರೀತಾರ ಅಂತಿದ್ದ. ಆವತ್ತು ಅಂಗಿ ಒಗದದ್ದು ಹಾಕ್ಕೊಂಡು ಹೋದ. ಏ, ಗಟಾರಕ್ಕ ಹೋಗ್ತಿ, ಮದುವಿಗೆ ಹೋಗಂಗ ಹೊಂಟಿಯಲ್ಲ ಅಂದೆ."

ವಾಪಸ್ ಬರುವಾಗ ರೈಲಿನಲ್ಲಿ ನನ್ನ ಎದುರಿನ ಸೀಟಿನಲ್ಲಿ ಒಗೆದ ಅಂಗಿಯವನೊಬ್ಬ ಕೂತಿದ್ದ. ಥಾಣೆ ಬರುವವರೆಗೆ ಅವನ ಕಾಲಿನತ್ತ ನೋಡುವ ಧೈರ್ಯ ಬರಲಿಲ್ಲ.

10 ಫೆಬ್ರವರಿ, ಸೋಮವಾರ

ಮಾವ ಕರಡು ತಿದ್ದುತ್ತಿದ್ದರು. ನಲವತ್ತೊಂದನೆಯ ಹಾಳೆಯನ್ನು ಅವರ ಮುಂದೆ ನೋಟಿಸಿನ ಬದಿ ಮೇಲಾಗಿ ಹಿಡಿದೆ. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದು ಇದರಲ್ಲಿ ಇತ್ತಾ..." ಎಂದರು. "ಆ ದಿನದ್ದೆಲ್ಲವನ್ನೂ ಹರಿದು ಹಾಕಿದ್ದೆ."

"ವಿಚಾರಣೆ ಇಪ್ಪತ್ತಕ್ಕೆ, ಮಾವ."

"ಬಿಲ್ಡರನ ಎಗ್ರಿಮೆಂಟ್ ಇಪ್ಪತ್ತೆಂಟಕ್ಕೆ. ಕೇಸ್ ಅಂತ ಕೇಳಿದರೆ ಅವನು ಓಡಿಹೋಗ್ತಾನೆ. ನಲವತ್ತು ಮನೆ ಉಂಟು ಇಲ್ಲಿ, ಅರ್ಧದಷ್ಟು ಮುದುಕರು. ಅವರೆಲ್ಲ ಆವತ್ತು ನನ್ನ ಸುತ್ತ ನಿಂತು ಅತ್ತರು, ಏನಾದರೂ ಮಾಡಿ ಅಂತ. ನಾನು ಮಾಡಿದೆ. ಆಮೇಲೆ ಏಳು ವರ್ಷದಿಂದ ಬರೀತಾ ಇದ್ದೇನೆ ದಿಶಾ. ಈ ಪುಸ್ತಕದ ಒಂದೊಂದು ಸಾಲೂ ಅವನಿಗಾಗಿ ಬರೆದದ್ದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಅವರ ಹೆಸರು ಇದರಲ್ಲಿ ಎಲ್ಲೂ ಇಲ್ಲವಲ್ಲ, ಮಾವ. ನಲವತ್ತೊಂದು ಪುಟ ನಾನೇ ಟೈಪ್ ಮಾಡಿದ್ದು, ಉಳಿದದ್ದನ್ನೂ ಓದಿದೆ."

"ಹೆಸರು ಹಾಕಿದರೆ ಸಹಿ ಹಾಕಿದವನ ಹೆಸರೂ ಬರ್ತದೆ" ಎಂದು ಮಾವ ಬಹಳ ಮೆಲ್ಲಗೆ ಹೇಳಿದರು. ಆಮೇಲೆ ಕೈ ಚಾಚಿ, "ಕೊಡು. ಅದು ನನ್ನ ಹಾಳೆ" ಎಂದರು.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ನಾನು ಹಾಳೆಯನ್ನು ಕೊಡಲಿಲ್ಲ. ಕೊಡಲಿಲ್ಲ ಎನ್ನುವುದು ಈಗ ಬರೆಯುವಾಗ ನನಗೇ ತಿಳಿಯುತ್ತಿದೆ.

14 ಫೆಬ್ರವರಿ, ಶುಕ್ರವಾರ

ಸಮಿತ್ ಗುಲಾಬಿ ತಂದಿದ್ದ. ನೀರಿನಲ್ಲಿ ಇಡಲು ಮರೆತೆ.

17 ಫೆಬ್ರವರಿ, ಸೋಮವಾರ

ಮಾವ ಉಳಿದ ಪುಟಗಳನ್ನು ಯಾರಿಂದಲೋ ಟೈಪ್ ಮಾಡಿಸುತ್ತಿದ್ದಾರೆ. ನನ್ನೊಡನೆ ಊಟದ ಮಾತು ಬಿಟ್ಟು ಬೇರೆ ಮಾತಿಲ್ಲ. ಅಮ್ಮ ಫೋನಿನಲ್ಲಿ, "ಎರಡು ತಿಂಗಳಾಗಿಲ್ಲ, ಮಾವನ ಮೇಲೆ ಸಾಕ್ಷಿ ಹೇಳ್ಲಿಕ್ಕೆ ಹೋಗ್ತೀಯಾ? ತಲೆ ಕೆಟ್ಟಿದಾ ನಿಂಗೆ?" ಎಂದು ಅತ್ತಳು. ಸಮಿತ್, ಹೋಗು ಅನ್ನುವುದಿಲ್ಲ, ಹೋಗಬೇಡ ಅನ್ನುವುದಿಲ್ಲ. ಕಾರನ್ನು ಮಾತ್ರ ಬೀದಿಯಲ್ಲಿ ನಿಲ್ಲಿಸುತ್ತಿದ್ದಾನೆ.

20 ಫೆಬ್ರವರಿ, ಗುರುವಾರ

ಬೆಳಿಗ್ಗೆ ಹೊರಡುವಾಗ ಅತ್ತೆ ಸೀರೆ ಬದಲಿಸಿ ನಿಂತಿದ್ದರು. "ಒಬ್ಬಳೇ ಹೋಗುದು ಬೇಡ. ನಾನು ಹೊರಗೆ ಕೂತ್ಕೊಳ್ತೇನೆ" ಎಂದರು. ಮಾವ ಪೇಪರ್ ಓದುತ್ತಿದ್ದರು. ಪುಟ ತಿರುಗಿಸಲಿಲ್ಲ.

ಸರ್ಕಾರಿ ಕಚೇರಿಯ ಎರಡನೆಯ ಮಾಳಿಗೆ. ಉದ್ದ ಮೇಜು, ಒಬ್ಬ ಅಧಿಕಾರಿ, ಪೂನಂ, ಅವಳ ವಕೀಲೆ. ಅಧಿಕಾರಿ ಹಾಳೆಯ ಎರಡೂ ಬದಿ ನೋಡಿದರು. ಕೈಬರಹ ಯಾರದು ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಮಾವನದು ಎಂದೆ. ಹೇಗೆ ಗೊತ್ತು? ಅವರ ಪುಸ್ತಕ ಟೈಪ್ ಮಾಡಿದ್ದೇನೆ. ಅವರು ಬರೆದುಕೊಂಡರು. ಆಮೇಲೆ, "ಇದು ಬರೀ ಕರಡು. ನೋಟಿಸು ಹಾಕಿದ್ದನ್ನು, ಆ ಮನುಷ್ಯನನ್ನು ಕರೆಸಿದ್ದನ್ನು ನೋಡಿದವರು ಯಾರು? ನೀವು ಮದುವೆಯಾಗಿ ಬಂದದ್ದೇ ಡಿಸೆಂಬರಿನಲ್ಲಿ" ಎಂದರು.

ಪೂನಂ ತನ್ನ ಕೈಗಳನ್ನು ನೋಡಿಕೊಂಡಳು.

ಹಿಂದೆ ಬಾಗಿಲಿನ ಸದ್ದಾಯಿತು. "ನಾನು ನೋಡಿದ್ದೇನೆ" ಎಂದರು ಅತ್ತೆ.

ಕುರ್ಚಿಯ ತುದಿಯಲ್ಲಿ ಕೂತರು. ಹೆಸರು ಹರಿಣಾಕ್ಷಿ, ವಯಸ್ಸು ಅರವತ್ತೆರಡು. ಮೂವತ್ತೈದು ವರ್ಷದಿಂದ ಮೀನಿನವಳ ಹತ್ತಿರ ಮರಾಠಿಯಲ್ಲಿ ಜಗಳ ಆಡುವವರು, ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆಂದು ಹಟ ಹಿಡಿದರು. "ಬಾಜಾರಿನ ಮಾತು ಬೇರೆ, ಇದು ಬೇರೆ. ದಿಶಾ ಹೇಳ್ತಾಳೆ ನಿಮಗೆ." ಅವರು ಒಂದೊಂದು ವಾಕ್ಯ ಹೇಳಿ ನಿಲ್ಲಿಸುವುದು, ನಾನು ಅದನ್ನು ಮರಾಠಿಗೆ ತಿರುಗಿಸುವುದು.

"ಶನಿವಾರ ಸಾಯಂಕಾಲ ನೋಟಿಸನ್ನು ಬೋರ್ಡಿಗೆ ಅಂಟಿಸಿದ್ದು ಇವರೇ. ಗೋಂದು ನಾನೇ ಕೊಟ್ಟದ್ದು. ಭಾನುವಾರ ಎಂಟೂವರೆಗೆ ಅವನು ಬೆಲ್ ಮಾಡಿದ. ಸೆಕ್ರೆಟರಿ ಸಾಹೇಬರು ಕರೆಸಿದ್ರು ಅಂದ. ಕನ್ನಡ ಕೇಳಿ ನಂಗೂ ಖುಷಿ ಆಯ್ತು, ಚಾ ಮಾಡಿ ಕೊಟ್ಟೆ. ಅವನು ಇವರ ಹತ್ರ, ನಮ್ಮ ಭಾಷೆಯವರಿದ್ದೀರಿ, ನಾನು ಇಳಿದಾಗ ಮೇಲೆ ಒಬ್ಬರನ್ನು ಹಗ್ಗ ಹಿಡಿದು ನಿಲ್ಲಿಸಿ ಅಂತ ಕೇಳಿಕೊಂಡ. ಆಯ್ತು, ನಾನೇ ನಿಲ್ತೇನೆ ಅಂದರು ಇವರು. ನಿಂತಿದ್ದರು ಸಹ. ಆಮೇಲೆ ಫೋನ್ ಬಂತು. ಸಂಘದಲ್ಲಿ ಭಾಷಣ ಉಂಟು ಅಂತ. ಮಾತಾಡ್ಲಿಕ್ಕೆ ಮೇಲೆ ಮನೆಗೆ ಬಂದರು. ಮುಕ್ಕಾಲು ಗಂಟೆ ಮಾತಾಡಿದರು."

ಇದು ನನಗೂ ಗೊತ್ತಿರಲಿಲ್ಲ. ಮುಕ್ಕಾಲು ಗಂಟೆಗೆ ಮರಾಠಿಯಲ್ಲಿ ಏನೆನ್ನುತ್ತಾರೆಂದು ಒಂದು ಕ್ಷಣ ಹೊಳೆಯಲಿಲ್ಲ. ಅಧಿಕಾರಿ ಬೇಗ ಬೇಗ ಬರೆದುಕೊಂಡರು. ವಕೀಲೆ ಪೂನಂ ಬೆನ್ನ ಮೇಲೆ ಕೈಯಿಟ್ಟಳು. ಅತ್ತೆಯ ಮಾತು ಸಾಕಾಗಿತ್ತು. ಕರೆಸಿದ್ದು ನಿಜ ಎಂದು ದಾಖಲಾಯಿತು.

ಪೂನಂ ಮಾತ್ರ ಅತ್ತೆಯ ಕಡೆಗೇ ನೋಡುತ್ತಿದ್ದಳು. ಮೊದಲ ಸಲ ಬಾಯಿ ತೆರೆದು ಕೇಳಿದಳು:

"ಚಾ ಯಾವ ಲೋಟದಾಗ ಕೊಟ್ರಿ?"

ಫ್ಯಾನ್ ತಿರುಗುತ್ತಿತ್ತು. ಏನು ಕೇಳುತ್ತಿದ್ದಾಳೆ ಎಂದು ಅಧಿಕಾರಿ ನನ್ನನ್ನು ಕೇಳಿದರು. ಹೇಳಿದೆ. "ತ್ಯಾಚೀ ಗರಜ್ ನಾಹೀ, ಅದು ಬೇಕಾಗಿಲ್ಲ" ಎಂದು ಪೆನ್ನಿನ ಕ್ಯಾಪ್ ಹಾಕಿದರು.

"ಬಾಗಿಲ ಹೊರಗೆ ಮೀಟರ್ ಪೆಟ್ಟಿಗೆ ಮೇಲೆ ಒಂದು ಲೋಟ ಬೇರೆ ಇಡ್ತಿದ್ದೆ" ಎಂದರು ಅತ್ತೆ, ಪೂನಂಗೆ. "ಗುಡಿಸುವವರಿಗೆ ಅಂತ. ಅದರಲ್ಲಿ ಕೊಟ್ಟದ್ದು. ಕುಡಿದು ಅವನೇ ತೊಳೆದು ಅಲ್ಲೇ ಇಟ್ಟ."

ಆಮೇಲೆ ನನ್ನ ಕಡೆ ತಿರುಗಿದರು. "ದಿಶಾ, ಹೇಳು ಅವರಿಗೆ."

ನಾನು ಮರಾಠಿಯಲ್ಲಿ ಹೇಳಿದೆ. ಅಧಿಕಾರಿ ಗಡಿಯಾರ ನೋಡಿದರು. ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಿದಾಗ ಕ್ಯಾಪ್ ತೆಗೆದು ಬರೆದುಕೊಂಡರು.